ಹುಳು ಒಂದು, ಹುಡುಕಾಟ ನೂರು

ದಾವಣಗೆರೆಯ ಸುತ್ತಮುತ್ತ ಮೆಕ್ಕೆಜೋಳವೆಂದರೆ ಬದುಕು. 2018ರಲ್ಲಿ ರಾಜ್ಯದಲ್ಲಿ ಕಾಣಿಸಿಕೊಂಡ, ಈ ಬೆಳೆಯನ್ನು ತಿನ್ನುವ ಸೈನಿಕ ಹುಳುವಿನ ಬಗ್ಗೆ, ಸಂಶೋಧನಾ ಲೇಖನಗಳನ್ನು ಹುಡುಕಿಕೊಡುವ ಗೂಗಲ್ ಸ್ಕಾಲರ್‌ನಲ್ಲಿ ಬರೀ ‘ಆರ್ಮಿವರ್ಮ್’ ಎಂದು ಹುಡುಕಿದರೆ ಬೇರೆ ಜಾತಿಯ ಹುಳುಗಳ ಲೇಖನಗಳೂ ಮೈಮೇಲೆ ಬೀಳುತ್ತವೆ. ‘ಸ್ಪೊಡಾಪ್ಟೆರಾ ಫ್ರುಜಿಪರ್ಡಾ’ ಎಂಬ ವೈಜ್ಞಾನಿಕ ಹೆಸರನ್ನು ಇಂಗ್ಲಿಷಿನಲ್ಲಿ, ಉದ್ಧರಣ ಚಿಹ್ನೆಯೊಳಗೆ ಬರೆದು, ವರ್ಷದ ಮಿತಿಯನ್ನೂ ಹಾಕಬೇಕು. ಇಷ್ಟನ್ನು ನಮ್ಮ ಮಕ್ಕಳಿಗೆ ತರಗತಿಯಲ್ಲಿ ಯಾರೂ ಹೇಳಿಕೊಡುವುದಿಲ್ಲ ಎಂಬುದೇ ನನ್ನ ಸಿಟ್ಟು. ಪಾಪ, ಮೊದಲ ಪುಟ ನೋಡಿ ‘ಏನೂ ಇಲ್ಲ ಸರ್’ ಎಂದು ಕೈಚೆಲ್ಲುತ್ತಾರೆ! ಸಿಕ್ಕ ಲೇಖನ ತೆರೆದರೆ ಎಷ್ಟೋ ಸಲ ಸಾರಾಂಶದ ಕೆಳಗೇ ಡಾಲರ್ ಲೆಕ್ಕದ ಬೆಲೆ. ನಮ್ಮ ಹೊಲದ ಹುಳುವಿನ ಬಗ್ಗೆ ಓದಲು ನಾವೇ ಹಣ ಕಟ್ಟಬೇಕೇ? ಫಲಿತಾಂಶದ ಕೆಳಗಿನ ‘ಆಲ್ ವರ್ಷನ್ಸ್’ ಕೊಂಡಿಯಲ್ಲಿ ಕೆಲವೊಮ್ಮೆ ಉಚಿತ ಪ್ರತಿ ಇರುತ್ತದೆ. ಅದನ್ನು ಒತ್ತಿ ನೋಡಿ ಎಂದು ಗ್ರಂಥಾಲಯದ ಗೋಡೆಗೆ ಒಂದು ಚೀಟಿಯನ್ನಾದರೂ ಅಂಟಿಸಬಾರದೇ?