ಕಟ್ಟಡಕ್ಕೆ ಲೈಸನ್ಸ್, ಬೆನ್ನುಮೂಳೆಗೆ ದೇವರೇ ಗತಿ

ಕಾಸರಗೋಡು ಜಿಲ್ಲೆಯ ಕುಂಬಳೆಯಿಂದ ಬದಿಯಡ್ಕ, ಮುಳ್ಳೇರಿಯದವರೆಗೆ ಯಾವ ಅಂಗಡಿಯ ಮಾಳಿಗೆ ಖಾಲಿಯಾದರೂ ಈಗ ಅಲ್ಲಿಗೆ ಬರುವುದು ಜಿಮ್ಮು. ಗೋಡೆ ತುಂಬ ಕನ್ನಡಿ, ನಾಲ್ಕು ಮೆಷಿನ್, ಕೆಳಗಿನ ಜೀನಸು ಅಂಗಡಿಯ ಡಬ್ಬಗಳೂ ನಡುಗುವಂಥ ಸ್ಪೀಕರ್ ಇದ್ದರೆ ಉದ್ಘಾಟನೆಗೆ ರೆಡಿ. ಜೊತೆಗೆ ಒಂದು ಲೈಸನ್ಸ್ ಕೂಡ ಬೇಕು. ಜಿಮ್ಮುಗಳಿಗೂ 1963ರ ‘ಪ್ಲೇಸಸ್ ಆಫ್ ಪಬ್ಲಿಕ್ ರಿಸಾರ್ಟ್’ (ಜನ ಸೇರುವ ಜಾಗಗಳ) ಕಾನೂನಿನ ಪ್ರಕಾರ ಲೈಸನ್ಸ್ ಬೇಕೇ ಬೇಕು ಎಂದು ಕೇರಳ ಹೈಕೋರ್ಟು 2022ರಲ್ಲಿ ಹೇಳಿತು. ಒಳ್ಳೆಯದೇ ಆಯಿತು. ಆದರೆ ಆ ಕಾನೂನಿಗೆ ಬೇಕಾದದ್ದು ಜಾಗದ ಯೋಗಕ್ಷೇಮ. ಆ ಜಾಗದೊಳಗೆ ನಿಮ್ಮ ಹೆಗಲ ಮೇಲೆ 60 ಕಿಲೋ ಇಡುವ ಮನುಷ್ಯ ಏನು ಓದಿದ್ದಾನೆ ಎಂಬುದು ಅದರ ತಲೆನೋವಲ್ಲ.

ಇದೇ ರಾಜ್ಯದಲ್ಲಿ ಹೋಟೆಲಿನಲ್ಲಿ ಪರೋಟ ಬಡಿಸುವವನಿಗೆ ಹೆಲ್ತ್ ಕಾರ್ಡ್ ಕಡ್ಡಾಯ. ತೆಂಗಿನಮರ ಹತ್ತುವವರಿಗೆಂದು ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲೇ ಆರು ದಿನದ ತರಬೇತಿ ಶುರು ಮಾಡಿತು. ಹತ್ತುವ ಯಂತ್ರ ಕೊಟ್ಟಿತು, ವಿಮೆಯನ್ನೂ ಮಾಡಿಸಿತು. ಮರಕ್ಕೆ ಇಷ್ಟು ಕಾಳಜಿ. ಮನುಷ್ಯನ ಸೊಂಟದ ಮೇಲೆ ಪ್ರಯೋಗ ಮಾಡುವವನಿಗೆ ಮಾತ್ರ ತೋಳಿನ ಸುತ್ತಳತೆಯೇ ಡಿಗ್ರಿ. ಹದಿನಾರು ಇಂಚು ದಾಟಿದರೆ ಡಿಸ್ಟಿಂಕ್ಷನ್.

ಸರ್ಟಿಫಿಕೇಟೇ ಇಲ್ಲ ಎಂದಲ್ಲ. ಅಮೆರಿಕದ ದೊಡ್ಡ ಸಂಸ್ಥೆಗಳ ಪರ್ಸನಲ್ ಟ್ರೈನರ್ ಪರೀಕ್ಷೆಗೆ ಕೂರಲು 18 ವರ್ಷ, ಹೈಸ್ಕೂಲು ಪಾಸು ಮತ್ತು ಎದೆಬಡಿತ ನಿಂತಾಗ ಎದೆ ಒತ್ತುವ ಸಿಪಿಆರ್ ತರಬೇತಿ ಇದ್ದರೆ ಸಾಕು. ಆರೋಗ್ಯವಂತರಿಗೆ ವ್ಯಾಯಾಮ ಕಲಿಸಲು, ಹುರಿದುಂಬಿಸಲು, ವಾರಕ್ಕಿಷ್ಟು ಎಂದು ಪಟ್ಟಿ ಹಾಕಿಕೊಡಲು ಅಷ್ಟು ಧಾರಾಳವಾಯಿತು. ಅದು ಸಣ್ಣ ಕೆಲಸವೂ ಅಲ್ಲ. ತಕರಾರು ಇರುವುದು ಅದೇ ಮನುಷ್ಯ ಆರನೆಯ ತಿಂಗಳಿಗೆ ಡಿಸ್ಕು, ಸಂಧಿವಾತ, ಸಕ್ಕರೆ ಕಾಯಿಲೆಗಳ ತಜ್ಞನಾಗುವುದರಲ್ಲಿ.

ಕೆನಡಾದ ಒಂಟಾರಿಯೊದಲ್ಲಿ ಕೈನೆಸಿಯಾಲಜಿಸ್ಟ್, ಅಂದರೆ ಚಲನೆಯ ಶಾಸ್ತ್ರದವರು, ಎಂಬವರಿಗೆಂದೇ 2007ರಲ್ಲಿ ಕಾನೂನು ಬಂತು, 2013ರ ಏಪ್ರಿಲ್ 1ರಿಂದ ನೋಂದಣಿ ಕಡ್ಡಾಯವಾಯಿತು. ದೇಹದ ಚಲನೆಯ ಬಗ್ಗೆ ನಾಲ್ಕು ವರ್ಷದ ಪದವಿ ಓದಬೇಕು, ಪರೀಕ್ಷೆ ಪಾಸಾಗಬೇಕು, ವೃತ್ತಿ ವಿಮೆ ಇಟ್ಟುಕೊಳ್ಳಬೇಕು. ತಪ್ಪು ಮಾಡಿದರೆ ದೂರು ಕೊಡಲು ಒಂದು ಜಾಗವಿದೆ. ಇಷ್ಟೆಲ್ಲ ಆದಮೇಲೂ ರೋಗ ಇಂಥದೇ ಎಂದು ನಿರ್ಣಯ ಹೇಳುವ ಅಧಿಕಾರ ಅವರಿಗಿಲ್ಲ. ಅದು ಡಾಕ್ಟರ ಕೆಲಸ. ನಾಲ್ಕು ವರ್ಷ ಓದಿದವರು ಅಲ್ಲಿ ಬಾಯಿ ಮುಚ್ಚಿ ಕೂರುತ್ತಾರೆ. ನಮ್ಮ ಮಾಳಿಗೆಯ ಮೇಲೆ ನಾಲ್ಕು ವಾರ ರೀಲ್ಸ್ ನೋಡಿದವರು ಬೆನ್ನಿಗೆ ಎರಡು ಬೆರಳಿಟ್ಟು, ಕೆಟ್ಟ ಡಿಸ್ಕು ಇಂಥದೇ ಎಂದು ‘ಎಲ್ ಫೋರ್ ಎಲ್ ಫೈವ್’ ಅನ್ನುತ್ತಾರೆ.

ನಮ್ಮಲ್ಲಿ ಆ ಹೆಸರಿನ ಪ್ರತ್ಯೇಕ ಹುದ್ದೆ ಬಳಕೆಯಲ್ಲಿಲ್ಲ. ಕೈನೆಸಿಯಾಲಜಿ ಇರುವುದು ದೈಹಿಕ ಶಿಕ್ಷಣದ ಬಿಪಿಇಡಿಯವರ, ಫಿಸಿಯೋಥೆರಪಿಯವರ ಪಠ್ಯದಲ್ಲಿ ಒಂದು ವಿಷಯವಾಗಿ. ಗಡಿಯ ತಲಪಾಡಿ ದಾಟಿ ಮಂಗಳೂರಿಗೆ ಹೋದರೆ ಅದನ್ನು ಓದಿದವರು ಬೇಕಾದಷ್ಟು ಸಿಗುತ್ತಾರೆ. ಆದರೆ ಅವರ ಹತ್ತಿರ ನಾವು ಹೋಗುವುದು ಜಿಮ್ಮಿಗೆ ಹೋಗುವ ಮೊದಲಲ್ಲ, ಹೋಗಿ ಬಂದ ಮೇಲೆ.

ಅರುವತ್ತೆರಡರ ಒಬ್ಬ ನಿವೃತ್ತ ಮಾಷ್ಟ್ರು ಎಂದಿಟ್ಟುಕೊಳ್ಳಿ. ಬಿಪಿಗೆ ಮೆಟೊಪ್ರೊಲಾಲ್ ನುಂಗುವವರು. ವರ್ಷದ ಪ್ಯಾಕೇಜಿನಲ್ಲಿ ಎರಡು ತಿಂಗಳು ಫ್ರೀ ಅಂದದ್ದಕ್ಕೆ ಸೇರಿದರು. ಟ್ರೈನರ್ ಟ್ರೆಡ್‌ಮಿಲ್ ಹತ್ತಿಸಿದ. 220ರಿಂದ ವಯಸ್ಸು ಕಳೆದರೆ 158, ಅದರ ಶೇಕಡ 85 ಅಂದರೆ 134, ಅಲ್ಲಿವರೆಗೆ ಎದೆಬಡಿತ ಏರಬೇಕು ಎಂಬುದು ಅವನ ಲೆಕ್ಕ. ವಾಚು 105ರಲ್ಲೇ ನಿಂತಿದೆ.

“ಏರುದೇ ಇಲ್ಲ ಅಲ್ಲ ಮಾಷ್ಟ್ರೇ! ಸ್ಪೀಡ್ ಸ್ವಲ್ಪ ಜಾಸ್ತಿ ಮಾಡುವ.”

“ಎದೆ ಬಿಗಿದ ಹಾಗೆ ಆಗ್ತದೆ ಮಾರಾಯ.”

“ಎಂತದೂ ಆಗುದಿಲ್ಲ. ಅದು ಕೊಬ್ಬು ಕರಗುದು.”

ಆ ಮಾತ್ರೆ ಬಿಪಿಯ ಜೊತೆಗೆ ಎದೆಬಡಿತವನ್ನೂ ಏರದಂತೆ ತಡೆಯುತ್ತದೆ. ಅದನ್ನು ನುಂಗಿದವರಿಗೆ ಈ ಸೂತ್ರ ಹೊಂದುವುದಿಲ್ಲ. ಮಾತ್ರೆ ನುಂಗದವರಲ್ಲೂ ಅದು ಹತ್ತು ಹನ್ನೆರಡು ಬಡಿತ ಆಚೀಚೆ ಆಗುವಂಥ ಅಂದಾಜು ಲೆಕ್ಕವೇ. ಚಲನೆಯ ಶಾಸ್ತ್ರ ಓದಿದವರು ಮೊದಲು ಕೇಳುವುದು ಮಾತ್ರೆಯ ಚೀಟಿ. ಆಮೇಲೆ ವಾಚು ಬದಿಗಿಟ್ಟು ಮಾತಾಡಿಸುತ್ತಾರೆ: ನಡೆಯುವಾಗ ಮಾತಾಡಲು ಬರಬೇಕು, ಪದ್ಯ ಹೇಳಲು ಬರಬಾರದು, ಅದು ಹದ. ಎದೆ ಬಿಗಿದರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆ. ಇನ್ಸುಲಿನ್ ತೆಗೆದುಕೊಳ್ಳುವವರಾದರೆ ಸಕ್ಕರೆ ನೋಡದೆ ಶುರು ಮಾಡಿಸುವುದಿಲ್ಲ. 90ಕ್ಕಿಂತ ಕೆಳಗಿದ್ದರೆ ಮೊದಲು ಏನಾದರೂ ತಿನ್ನಿಸುತ್ತಾರೆ. ನಮ್ಮ ಟ್ರೈನರ್‌ಗೆ ಇದೆಲ್ಲ ಬೇಡ. ಅವನು ಕೇಳುವುದು ಒಂದೇ: “ವೆಜ್ಜಾ, ನಾನ್‌ವೆಜ್ಜಾ?” ಪ್ರೋಟೀನ್ ಡಬ್ಬ ಮಾರಾಟಕ್ಕೆ ಅಷ್ಟು ಗೊತ್ತಾದರೆ ಸಾಕು.

ಬಲ ಪರೀಕ್ಷೆಯೂ ಹಾಗೆಯೇ. ಓದಿದವರಿಗೆ ಬೇಕಾದದ್ದು 43 ಸೆಂಟಿಮೀಟರ್ ಎತ್ತರದ, ಕೈ ಇಲ್ಲದ ಕುರ್ಚಿ. ಎರಡೂ ಕೈ ಎದೆಗೆ ಕಟ್ಟಿ 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರುತ್ತಾರೆ ಎಂದು ಎಣಿಸುವುದು. ಅರುವತ್ತರಿಂದ ಅರುವತ್ತನಾಲ್ಕರ ಗಂಡಸರಿಗೆ 14, ಹೆಂಗಸರಿಗೆ 12ಕ್ಕಿಂತ ಕಡಿಮೆಯಾದರೆ ಕಾಲಿನ ಬಲ ಸಾಲದು. ಇದಕ್ಕೆ ಖರ್ಚಿಲ್ಲ, ಹಾಗಾಗಿ ಮರ್ಯಾದೆಯೂ ಇಲ್ಲ. ಮಾಳಿಗೆಯ ಪದ್ಧತಿಯಲ್ಲಿ 20 ಕಿಲೋದ ರಾಡ್ ನೇರ ಹೆಗಲಿಗೆ. ಕೂರುವಾಗ ಹಿಮ್ಮಡಿ ಮೇಲೆದ್ದರೆ ಅದರಡಿ ಎರಡೂವರೆ ಕಿಲೋದ ಪ್ಲೇಟ್. ಪ್ಲೇಟ್ ಇಡುವುದು ತಪ್ಪೇನಲ್ಲ, ಹಿಮ್ಮಡಿ ಯಾಕೆ ಎದ್ದಿತೆಂದು ಕೇಳದಿರುವುದು ತಪ್ಪು. ಗೋಡೆಯಿಂದ ಕಾಲಿನ ಹೆಬ್ಬೆರಳು 10 ಸೆಂಟಿಮೀಟರ್ ದೂರವಿಟ್ಟು, ಹಿಮ್ಮಡಿ ಎತ್ತದೆ ಮೊಣಕಾಲು ಗೋಡೆಗೆ ತಾಗಿಸಲು ಹೇಳಿದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ, ಪಾದದ ಗಂಟು ಬಿಗಿದಿದೆಯೋ ಇಲ್ಲವೋ ಎಂದು. ಬಿಗಿದಿದ್ದರೆ ಮೊದಲ ಕೆಲಸ ಅಲ್ಲಿ. ತೂಕ ಏರಿಸುವುದೂ ಹೇಳಿದಷ್ಟನ್ನು ಮಾಡಿ ಮೇಲೊಂದೆರಡು ಸಲ ಸಲೀಸಾಗಿ ಎತ್ತಲು ಬಂದ ಮೇಲೆ, ಅದೂ ಶೇಕಡ 2ರಿಂದ 10. ‘ಇವತ್ತು ಮೂಡು ಇದೆ, ಇನ್ನೊಂದು ಪ್ಲೇಟ್ ಹಾಕುವ’ ಎಂಬುದು ಇದರಲ್ಲಿ ಬರುವುದಿಲ್ಲ. ಹಾಗೆ ಮೂಡು ನೋಡಿ ಮೊದಲ ದಿನವೇ ನೂರಿನ್ನೂರು ಬಸ್ಕಿ ಹೊಡೆಸಿದರೆ ಸ್ನಾಯು ಕರಗಿ ಮೂತ್ರ ಕೋಲಾದ ಬಣ್ಣಕ್ಕೆ ತಿರುಗುವುದುಂಟು. ಅದು ಮೂತ್ರಪಿಂಡಕ್ಕೆ ಕುತ್ತು. ಮಾಳಿಗೆಯ ವಿವರಣೆ ಬೇರೆ: “ಟಾಕ್ಸಿನ್ ಹೋಗುದು.”

ಯಕ್ಷಗಾನದ ತೆಂಕುತಿಟ್ಟಿನ ನಾಡು ನಮ್ಮದು. ದಿಗಿಣ, ಅಂದರೆ ಹಾರಿ ಸುತ್ತುವ ಕುಣಿತ, ಹಾಕಿ ಹಾಕಿ ಮೊಣಕಾಲು ಕೆಟ್ಟ ವೇಷಧಾರಿ ಜಿಮ್ಮಿಗೆ ಹೋದರೆ ಸಿಗುವುದು ಲೆಗ್ ಎಕ್ಸ್‌ಟೆನ್ಶನ್ ಮೆಷಿನ್, ಮೂರು ಸುತ್ತು, ಸುತ್ತಿಗೆ ಹನ್ನೆರಡು ಸಲ. ಅದೇ ಮೂರು ಸುತ್ತು ಹನ್ನೆರಡು ಬ್ಯಾಂಕಿನವರಿಗೂ, ಬಾಣಂತಿಗೂ. ಚಲನೆ ಓದಿದವರು ದಿಗಿಣವನ್ನೇ ನೋಡಲು ಕೇಳುತ್ತಾರೆ. ನೆಲಕ್ಕೆ ಬೀಳುವಾಗ ಮೊಣಕಾಲು ಮಡಚುತ್ತದೋ, ಕಂಬದಂತೆ ಸೆಟೆದು ನಿಲ್ಲುತ್ತದೋ, ಒಳಕ್ಕೆ ವಾಲುತ್ತದೋ? ರಂಗಸ್ಥಳ ಮಣ್ಣಿನದೋ ಕಾಂಕ್ರೀಟಿನದೋ? ಒಂದು ರಾತ್ರಿಗೆ ಎಷ್ಟು ದಿಗಿಣ? ಒಳಕ್ಕೆ ವಾಲಿದರೆ ಪೃಷ್ಠದ ಬದಿಯ ಸ್ನಾಯು ಸೋತಿರಬಹುದು. ಅದನ್ನು ಬಲಪಡಿಸಿ, ಒಂದು ಗೇಣು ಎತ್ತರದ ಮೆಟ್ಟಿಲಿನಿಂದ ಸದ್ದಾಗದಂತೆ ಇಳಿಯುವುದನ್ನು ಕಲಿಸುತ್ತಾರೆ. ಮೆಷಿನ್ ಇಲ್ಲ, ಕನ್ನಡಿ ಇಲ್ಲ, ಸೆಲ್ಫಿಗೂ ಏನೂ ಇಲ್ಲ. ಇಂಥದಕ್ಕೆ ಯಾರು ದುಡ್ಡು ಕೊಡುತ್ತಾರೆ?

ಮಡಿಲಲ್ಲಿ ತಡ್ಪೆ (ಮೊರ) ಇಟ್ಟು ದಿನವಿಡೀ ಬೀಡಿ ಕಟ್ಟುವ ಹೆಂಗಸರ ಕುತ್ತಿಗೆ, ದೋಟಿ ಹಿಡಿದು ಅಡಿಕೆಗೊನೆಗೆ ಕತ್ತೆತ್ತಿ ನಿಲ್ಲುವವರ ಭುಜ, ಇವೂ ಆ ಶಾಸ್ತ್ರದ ಕೆಲಸವೇ. ಪ್ಯಾಕೇಜ್ ಕೊಳ್ಳದವರಿಗೆ ಅಷ್ಟು ದೊಡ್ಡ ಸ್ನಾಯು ಯಾಕೆ ಎಂದು ಬಿಟ್ಟಿದ್ದೇವೆ.

ಹಾಗೆಂದು ಕೈನೆಸಿಯಾಲಜಿ ನಮ್ಮ ಊರಿಗೆ ಬಂದೇ ಇಲ್ಲವೆಂದಲ್ಲ. ಉಚಿತ ತಪಾಸಣಾ ಶಿಬಿರಗಳಲ್ಲಿ ಬರುತ್ತದೆ. 1964ರಲ್ಲಿ ಜಾರ್ಜ್ ಗುಡ್‌ಹಾರ್ಟ್ ಎಂಬ ಅಮೆರಿಕದ ಕೈರೋಪ್ರಾಕ್ಟರ್ (ಬೆನ್ನುಮೂಳೆ ಒತ್ತಿ ಚಿಕಿತ್ಸೆ ಕೊಡುವವ) ಹುಟ್ಟಿಸಿದ ‘ಅಪ್ಲೈಡ್ ಕೈನೆಸಿಯಾಲಜಿ’. ಒಂದು ಕೈ ಚಾಚಿ ನಿಲ್ಲಿ, ಇನ್ನೊಂದರಲ್ಲಿ ಸಕ್ಕರೆ ಹಿಡಿಯಿರಿ. ಒತ್ತಿದ ಕೂಡಲೇ ಕೈ ಕೆಳಗೆ ಬೀಳುತ್ತದೆ. ಈಗ ಅವರ ಚೂರ್ಣದ ಡಬ್ಬ ಹಿಡಿಯಿರಿ, ಕೈ ಕದಲುವುದಿಲ್ಲ! ಒತ್ತುವವನ ಬೆರಳು ಎಲ್ಲಿದೆ ಎಂದು ನೋಡಿದವರು ಕಮ್ಮಿ. ಸಕ್ಕರೆಯ ಸರದಿಯಲ್ಲಿ ಮಣಿಕಟ್ಟಿನ ಮೇಲೆ, ಫಕ್ಕನೆ. ಡಬ್ಬದ ಸರದಿಯಲ್ಲಿ ಮೊಣಕೈ ಹತ್ತಿರ, ನಿಧಾನಕ್ಕೆ. ಭುಜದಿಂದ ದೂರ ಹೋದಷ್ಟೂ ಕಮ್ಮಿ ಬಲ ಸಾಕು. ಮಣಿಕಟ್ಟಿನಲ್ಲಿ ಮೊಣಕೈಯ ಸುಮಾರು ಅರ್ಧದಷ್ಟು. ಒಳಗೇನಿದೆಯೆಂದು ಇಬ್ಬರಿಗೂ ತಿಳಿಯದಂತೆ ಡಬ್ಬ ಮುಚ್ಚಿ ಪರೀಕ್ಷೆ ಮಾಡಿದಾಗ ಫಲಿತಾಂಶ ನಾಣ್ಯ ಚಿಮ್ಮಿದ್ದಕ್ಕಿಂತ ಮೇಲಾಗಲಿಲ್ಲ. ಮೀಟುಗೋಲಿನ ಈ ಲೆಕ್ಕ ನಿಜವಾದ ಕೈನೆಸಿಯಾಲಜಿಯ ಮೊದಲ ಪಾಠಗಳಲ್ಲೇ ಬರುತ್ತದೆ. ಶಿಬಿರದವರು ಅಷ್ಟನ್ನಂತೂ ಚೆನ್ನಾಗಿ ಕಲಿತಿದ್ದಾರೆ.

ಒಳ್ಳೆಯ ಟ್ರೈನರುಗಳೂ ಇದ್ದಾರೆ. “ಮಾಷ್ಟ್ರೇ, ಮೊದಲು ಡಾಕ್ಟ್ರ ಚೀಟಿ ತನ್ನಿ, ಫೀಸು ಮತ್ತೆ ಕಟ್ಟುವಿರಂತೆ. ಮೊಣಕಾಲಿಂದು ನನಗೆ ಗೊತ್ತಾಗುದಿಲ್ಲ, ಫಿಸಿಯೋ ಹತ್ರ ತೋರಿಸಿ ಬನ್ನಿ” ಅನ್ನುವವರು. ಅಂಥವರ ಬಗ್ಗೆ ಪೇಟೆಯಲ್ಲಿ ಅಭಿಪ್ರಾಯ ಒಂದೇ: “ಅವನಿಗೆಂತ ಗೊತ್ತುಂಟು ಮಾರಾಯ್ರೇ, ಎಲ್ಲದಕ್ಕೂ ಡಾಕ್ಟ್ರ ಹತ್ರ ಕೇಳ್ಲಿಕ್ಕೆ ಹೇಳ್ತಾನೆ. ಬಸ್‌ಸ್ಟ್ಯಾಂಡಿನ ಎದುರಿನ ಜಿಮ್ಮಿಗೆ ಹೋಗಿ, ಅಲ್ಲಿ ಮುಟ್ಟಿ ನೋಡಿಯೇ ಹೇಳ್ತಾರೆ.”