ಸ್ಕೀಮಿನಲ್ಲಿ ಇಲ್ಲದ ಉತ್ತರ

ಮೌಲ್ಯಮಾಪನ ಕೇಂದ್ರದಿಂದ ಈಗಷ್ಟೇ ಮನೆಗೆ ಬಂದಿದ್ದೇನೆ. ಸಿಟ್ಟು ಇನ್ನೂ ಇಳಿದಿಲ್ಲ. ನಾಳೆಯ ತನಕ ಕಾದರೆ ಮಾತು ಮೆತ್ತಗಾಗಿಬಿಡುತ್ತದೆ, ಅದಕ್ಕೇ ಈಗಲೇ ಬರೆಯುತ್ತಿದ್ದೇನೆ.

ಬಿ.ಎ. ಇಂಗ್ಲಿಷ್ ಐಚ್ಛಿಕದ ಪತ್ರಿಕೆ. ವರ್ಡ್ಸ್‌ವರ್ತ್‌ನ ‘ದಿ ಸಾಲಿಟರಿ ರೀಪರ್’ ಮೇಲೆ ಹತ್ತು ಅಂಕದ ಪ್ರಶ್ನೆ. ಸ್ಕಾಟ್ಲೆಂಡಿನ ಗುಡ್ಡಗಾಡಿನ ಹೊಲದಲ್ಲಿ ಒಬ್ಬಳೇ ಪೈರು ಕೊಯ್ಯುತ್ತಾ ಹಾಡುವ ಹೆಣ್ಣುಮಗಳ ಕವಿತೆ. ನಿಮ್ಮಲ್ಲಿ ಅನೇಕರು ಓದಿರುತ್ತೀರಿ. ಬಂಡಲ್ ಬಿಚ್ಚಿದರೆ ಪ್ರತಿಯೊಂದು ಉತ್ತರದಲ್ಲೂ ಅದೇ ಪೀಠಿಕೆ. ವರ್ಡ್ಸ್‌ವರ್ತ್ 1770ರಲ್ಲಿ ಹುಟ್ಟಿದ, ಪ್ರಕೃತಿಯ ಮಹಾಕವಿ, ಸರಳ ಭಾಷೆಯಲ್ಲಿ ಬರೆದ. ಕವಿತೆಯಲ್ಲಿ ಬರುವ ಹೆಬ್ರಿಡೀಸ್ ದ್ವೀಪಗಳ ಹೆಸರನ್ನು ಗೈಡಿನಲ್ಲಿ ತಪ್ಪಾಗಿ ಅಚ್ಚು ಹಾಕಿದ್ದಾರೆ. ಆ ಅಚ್ಚಿನ ತಪ್ಪು ಒಂದಕ್ಷರವೂ ಆಚೀಚೆ ಆಗದೆ ಬಂಡಲ್ ತುಂಬ ಹಬ್ಬಿದೆ. ಕವಿತೆಯನ್ನು ಒಂದು ಸಲ ತೆರೆದು ನೋಡಿದ್ದರೆ ಆ ತಪ್ಪು ಆಗುತ್ತಲೇ ಇರಲಿಲ್ಲ.

ಇವುಗಳ ನಡುವೆ ಒಂದು ಪತ್ರಿಕೆ ಬೇರೆಯಾಗಿತ್ತು. ಕೋಡ್ ಸಂಖ್ಯೆ ಬಿಟ್ಟರೆ ಬರೆದವರು ಯಾರೆಂದು ತಿಳಿಯುವಂತಿಲ್ಲ. ಅಜ್ಜಿಯ ಜೊತೆ ಹೊಲಕ್ಕೆ ಹೋಗಿ ಬಲ್ಲ ಮಗು ಎಂಬುದು ಮಾತ್ರ ಉತ್ತರದಿಂದಲೇ ಗೊತ್ತಾಯಿತು. ಕಾಗುಣಿತ ತಪ್ಪು, ಕ್ರಿಯಾಪದ ತಪ್ಪು. ಆದರೆ ಬರೆದದ್ದರ ಸಾರಾಂಶ ಇದು: ‘ಅವಳು ಬಗ್ಗಿ ಕೊಯ್ಯುತ್ತಿದ್ದಾಳೆ, ಕವಿ ನಿಂತು ನೋಡುತ್ತಿದ್ದಾನೆ. ಅವಳು ಏನು ಹಾಡುತ್ತಿದ್ದಾಳೆ, ಯಾರಾದರೂ ಹೇಳುತ್ತೀರಾ ಎಂದು ನಮ್ಮನ್ನು ಕೇಳುತ್ತಾನೆ. ಅವಳನ್ನೇ ಏಕೆ ಕೇಳಲಿಲ್ಲ? ನಮ್ಮ ಹೊಲದ ಬದುವಿನ ಮೇಲೆ ಯಾರಾದರೂ ಹಾಗೆ ನಿಂತರೆ ಅಜ್ಜಿ ಹಾಡು ನಿಲ್ಲಿಸಿ, ಏನಪ್ಪಾ ಬೇಕಿತ್ತು ಎನ್ನುತ್ತಾಳೆ. ಕವಿ ಅವಳನ್ನು ನಿಜವಾಗಿಯೂ ನೋಡಿದ್ದನೇ ಎಂದು ನನಗೆ ಅನುಮಾನ.’

ಓದಿ ಮೈ ಜುಮ್ಮೆಂದಿತು. ಏಕೆಂದರೆ ಆ ಅನುಮಾನ ನಿಜ! ವರ್ಡ್ಸ್‌ವರ್ತ್ ತನ್ನ ತಂಗಿ ಡೊರೊಥಿಯ ಜೊತೆ ಸ್ಕಾಟ್ಲೆಂಡ್ ಸುತ್ತಿದ್ದು 1803ರಲ್ಲಿ. ಕವಿತೆ ಬರೆದದ್ದು 1805ರಲ್ಲಿ, ಅಚ್ಚಾದದ್ದು 1807ರಲ್ಲಿ. ತನ್ನ ಗೆಳೆಯ ಥಾಮಸ್ ವಿಲ್ಕಿನ್ಸನ್ ಬರೆದಿಟ್ಟಿದ್ದ ಪ್ರವಾಸದ ಹಸ್ತಪ್ರತಿಯ ಒಂದು ಸುಂದರ ವಾಕ್ಯದಿಂದ ಈ ಕವಿತೆ ಹುಟ್ಟಿತೆಂದು ಕವಿಯೇ ಹೇಳಿಕೊಂಡಿದ್ದಾನೆ. ಹೊಲದಲ್ಲಿ ಹಾಡುತ್ತಿದ್ದವಳನ್ನು ಕಂಡದ್ದು ವಿಲ್ಕಿನ್ಸನ್. ಆಚೆ ಯಾವುದೋ ಊರಿನ ಒಂದು ಮಗು, ಗ್ರಂಥಾಲಯದ ನೆರವಿಲ್ಲದೆ, ಕವಿತೆಯ ಸಾಲುಗಳನ್ನಷ್ಟೇ ನೆಚ್ಚಿಕೊಂಡು ವಿದ್ವಾಂಸರು ಎತ್ತುವ ಪ್ರಶ್ನೆಯನ್ನು ಎತ್ತಿದೆ. ಸಾಹಿತ್ಯ ಓದುವುದು ಎಂದರೆ ಇದೇ ಅಲ್ಲವೇ?

ನಾನು ಏಳು ಅಂಕ ಹಾಕಿದೆ. ಮೇಲ್ವಿಚಾರಣೆಗೆ ಕುಳಿತಿದ್ದ ಹಿರಿಯರು ಪತ್ರಿಕೆ ತಿರುವಿ, “ಸ್ಕೀಮಿನಲ್ಲಿರುವ ಒಂದು ಪಾಯಿಂಟೂ ಇದರಲ್ಲಿ ಇಲ್ಲವಲ್ಲ ಸರ್” ಎಂದರು. ಸ್ಕೀಮ್ ಎಂದರೆ ಯಾವ ಅಂಶಕ್ಕೆ ಎಷ್ಟು ಅಂಕವೆಂದು ಮೌಲ್ಯಮಾಪಕರಿಗೆ ಕೊಡುವ ಪಟ್ಟಿ: ಕವಿ ಪರಿಚಯಕ್ಕೆ ಎರಡು, ವಸ್ತುವಿಗೆ ನಾಲ್ಕು, ಪ್ರತಿಮೆಗಳಿಗೆ ಎರಡು, ಉಪಸಂಹಾರಕ್ಕೆ ಎರಡು. ವಾದಿಸಿದೆ. “ನಾಳೆ ಯಾರಾದರೂ ಪ್ರಶ್ನಿಸಿದರೆ ಉತ್ತರ ಕೊಡುವವರು ಯಾರು?” ಎಂದರು. ಏಳು ಮೂರಾಯಿತು. ಗೈಡಿನ ಅಚ್ಚಿನ ತಪ್ಪನ್ನು ಒಪ್ಪವಾಗಿ ನಕಲು ಮಾಡಿದವರಿಗೆಲ್ಲ ಏಳು ಸಿಕ್ಕಿತು.

ಆ ಹಿರಿಯರ ಮೇಲೆ ನನಗೆ ಕೋಪವಿಲ್ಲ. ಅವರು ನಿಯಮದ ಪ್ರಕಾರ ನಡೆದರು. ನನ್ನ ಕೋಪವೆಲ್ಲ, ಮೂರು ವರ್ಷ ಇಂಗ್ಲಿಷ್ ಸಾಹಿತ್ಯ ಓದಿದ ಮಗುವಿನಿಂದ ಸ್ವಂತದ ಒಂದು ವಾಕ್ಯವನ್ನೂ ಬೇಡದ, ಬರೆದರೆ ಅಂಕ ಕತ್ತರಿಸುವ ಈ ವ್ಯವಸ್ಥೆಯ ಮೇಲೆ. 2021ರಲ್ಲಿ ರಾಜ್ಯದಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಜಾರಿಗೆ ಬಂತು, ಪದವಿ ನಾಲ್ಕು ವರ್ಷ ಎಂದರು. 2024ರಲ್ಲಿ ರಾಜ್ಯ ಮತ್ತೆ ಮೂರು ವರ್ಷಕ್ಕೆ ಮರಳಿತು. ಪಠ್ಯ ಬದಲಾಯಿತು, ಪತ್ರಿಕೆಗಳ ಹೆಸರು ಬದಲಾಯಿತು, ಗೈಡಿನ ರಕ್ಷಾಪುಟವೂ ಬದಲಾಯಿತು. ಪ್ರಶ್ನೆ ಮಾತ್ರ ಅದೇ: ಕವಿತೆಯ ಸಾರಾಂಶ ಬರೆಯಿರಿ, ಇಲ್ಲವೇ ಟಿಪ್ಪಣಿ ಬರೆಯಿರಿ.

‘ನಮ್ಮ ಮಕ್ಕಳು ಪಿಯುಸಿವರೆಗೆ ಕನ್ನಡ ಮಾಧ್ಯಮದವರು, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಹತ್ತಿದವರು, ಗೈಡ್ ಇಲ್ಲದಿದ್ದರೆ ಪಾಸಾಗುವುದಿಲ್ಲ’ ಎಂಬ ಮಾತನ್ನು ಸ್ಟಾಫ್ ರೂಮಿನಲ್ಲಿ ದಿನವೂ ಕೇಳುತ್ತೇನೆ. ಪಾಸಾಗಬೇಕು, ನಿಜ. ಹೊಟ್ಟೆಪಾಡಿನ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣುವವನಲ್ಲ. ಅತಿಥಿ ಉಪನ್ಯಾಸಕನ ಸಂಬಳ ಯಾವಾಗ ಬರುತ್ತದೆಂದು ನಿಮಗೆಲ್ಲ ಗೊತ್ತೇ ಇದೆ. ಆದರೆ ಈ ಮಾತಿನೊಳಗೆ ಮಕ್ಕಳ ಮೇಲಿನ ಕರುಣೆಗಿಂತ ಅವರ ಬುದ್ಧಿಯ ಮೇಲಿನ ಅಪನಂಬಿಕೆಯೇ ಹೆಚ್ಚು. ಇವತ್ತು ಮೂರು ಅಂಕ ಪಡೆದ ಮಗು ಬಹುಶಃ ಕನ್ನಡ ಮಾಧ್ಯಮದ್ದೇ. ಅದಕ್ಕೆ ಇಂಗ್ಲಿಷ್ ವ್ಯಾಕರಣ ಬಾರದಿರಬಹುದು, ಓದಲು ಬರುತ್ತದೆ. ವ್ಯಾಕರಣವನ್ನು ಆರು ತಿಂಗಳು ಕುಳಿತು ಕಲಿಸಬಹುದು. ತನ್ನ ಕಣ್ಣಿನಿಂದ ನೋಡಬಾರದೆಂದು ಒಮ್ಮೆ ಕಲಿತ ಮಗುವಿಗೆ ಮತ್ತೆ ನೋಡುವುದನ್ನು ಕಲಿಸುವುದು ಎಷ್ಟು ಕಷ್ಟವೆಂದು ತರಗತಿಯಲ್ಲಿ ನಿಂತವರಿಗೆ ಗೊತ್ತು.

ಮಕ್ಕಳು ತಪ್ಪುತಪ್ಪಾಗಿ ಅರ್ಥ ಮಾಡಿಕೊಂಡರೆ ಎನ್ನುವವರೂ ಇದ್ದಾರೆ. ಮಾಡಿಕೊಳ್ಳಲಿ. ಇಂಗ್ಲಿಷ್ ವಿಮರ್ಶಕ ಐ.ಎ. ರಿಚರ್ಡ್ಸ್ ಕೇಂಬ್ರಿಜ್‌ನಲ್ಲಿ ಕವಿಗಳ ಹೆಸರು ತೆಗೆದು ಬರೀ ಕವಿತೆಗಳನ್ನು ವಿದ್ಯಾರ್ಥಿಗಳ ಕೈಗಿತ್ತು, ಅನ್ನಿಸಿದ್ದನ್ನು ಬರೆದು ಕೊಡಿ ಎಂದರು. ಬಂದ ಬರಹಗಳನ್ನು 1929ರಲ್ಲಿ ಪುಸ್ತಕ ಮಾಡಿದರು. ಅದರ ತುಂಬ ತಪ್ಪು ಓದುಗಳು. ಹೆಸರಾಂತ ಕವಿಗಳನ್ನು ಅಲ್ಲಿನ ಮಕ್ಕಳು ಹಳಿದಿದ್ದಾರೆ, ಸಾಧಾರಣ ಪದ್ಯಗಳನ್ನು ಕೊಂಡಾಡಿದ್ದಾರೆ. ರಿಚರ್ಡ್ಸ್ ಆ ಮಕ್ಕಳ ಕೈಗೆ ಗೈಡ್ ಕೊಡಲಿಲ್ಲ. ಆ ತಪ್ಪುಗಳನ್ನೇ ಎದುರಿಗಿಟ್ಟುಕೊಂಡು ಓದುವುದು ಹೇಗೆಂದು ಯೋಚಿಸಿದರು. ಸಾಹಿತ್ಯದ ಪಾಠವನ್ನೇ ಬದಲಿಸಿದ ಪುಸ್ತಕ ಅದು.

ಆ ಗಾಳಿ ನಮ್ಮ ನಾಡಿಗೂ ಬೀಸಿತ್ತು. ಸಿ.ಡಿ. ನರಸಿಂಹಯ್ಯನವರು ಕೇಂಬ್ರಿಜ್‌ನಲ್ಲಿ ವಿಮರ್ಶಕ ಎಫ್.ಆರ್. ಲೀವಿಸ್ ಅವರ ಬಳಿ ಓದಿ ಬಂದು ಮೈಸೂರಿನಲ್ಲಿ ಪಾಠ ಮಾಡಿದರು. ಅದಕ್ಕೂ ಮೊದಲು ಬಿ.ಎಂ.ಶ್ರೀ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಲೇ ಕನ್ನಡ ಕವಿತೆಗೆ ಹೊಸ ದಾರಿ ತೋರಿಸಿದರು. ಅಡಿಗರು, ಲಂಕೇಶ್, ಅನಂತಮೂರ್ತಿ ಎಲ್ಲರೂ ಇಂಗ್ಲಿಷ್ ಅಧ್ಯಾಪಕರಾಗಿದ್ದವರು. ಶಿಕಾಗೋಗೆ ಹೋಗುವ ಮುಂಚೆ ಎ.ಕೆ. ರಾಮಾನುಜನ್ ಬೆಳಗಾವಿಯಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದರು. ಕನ್ನಡವನ್ನು ಹೊಸದಾಗಿ ಬರೆದವರಲ್ಲಿ ಇಷ್ಟು ಜನ ಇಂಗ್ಲಿಷ್ ವಿಭಾಗದಿಂದ ಬಂದರು. ಇವತ್ತಿನ ಇಂಗ್ಲಿಷ್ ವಿಭಾಗದಿಂದ ಜೆರಾಕ್ಸ್ ಅಂಗಡಿಗೆ ಗಿರಾಕಿಗಳು ಬರುತ್ತಿದ್ದಾರೆ ಎಂದು ಹೇಳಲು ನನಗೆ ಸಂಕಟವಾಗುತ್ತದೆ.

ನಾನೂ ಕನ್ನಡ ಮಾಧ್ಯಮದಿಂದ ಬಂದವನೇ, ನಿಮಗೆ ಗೊತ್ತು. ಬಿ.ಎ.ಯಲ್ಲಿ ನಮ್ಮ ಇಂಗ್ಲಿಷ್ ಮೇಡಂ ವಾರಕ್ಕೊಂದು ಪುಟ ಬರೆಸುತ್ತಿದ್ದರು. ವ್ಯಾಕರಣದ ತಪ್ಪಿಗೆ ಪೆನ್ಸಿಲ್ ಗೆರೆ. ನಾವು ಎಲ್ಲಿಂದಲಾದರೂ ಎತ್ತಿ ತಂದ ವಾಕ್ಯ ಕಂಡರೆ ಮಾತ್ರ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ಇದು ಯಾರದು?’ ಎಂದು ಬರೆಯುತ್ತಿದ್ದರು. ಆ ಕೆಂಪು ಅಕ್ಷರಕ್ಕೆ ಹೆದರಿಯೇ ನಾನು ಬರೆಯುವುದನ್ನು ಕಲಿತೆ. ಈಗ ಮೊಬೈಲಿನಲ್ಲಿ ಒಂದು ಪ್ರಶ್ನೆ ಹಾಕಿದರೆ ತಪ್ಪಿಲ್ಲದ ಇಂಗ್ಲಿಷಿನಲ್ಲಿ ಅಸೈನ್‌ಮೆಂಟ್ ಇಳಿದು ಬರುತ್ತದೆ. ಮೇಡಂ ಕೇಳುತ್ತಿದ್ದ ಪ್ರಶ್ನೆಯನ್ನು ಇವತ್ತು ಇನ್ನೂ ಗಟ್ಟಿಯಾಗಿ ಕೇಳಬೇಕಾಗಿದೆ.

ಪಠ್ಯ ರಚನೆಯ ಮಂಡಳಿಯಲ್ಲಿರುವ ಗೆಳೆಯರು ಇಲ್ಲಿ ಕೆಲವರಿದ್ದೀರಿ. ಇಡೀ ಪತ್ರಿಕೆಯನ್ನು ಬದಲಿಸಿ ಎಂದು ನಾನು ಕೇಳುತ್ತಿಲ್ಲ. ಪ್ರತಿ ಸೆಮಿಸ್ಟರಿನ ಇಂಗ್ಲಿಷ್ ಪತ್ರಿಕೆಯಲ್ಲೂ ಪಠ್ಯದಲ್ಲಿಲ್ಲದ ಒಂದು ಚಿಕ್ಕ ಕವಿತೆಯನ್ನು, ಕವಿಯ ಹೆಸರು ಹಾಕದೆ, ಪೂರ್ತಿ ಅಚ್ಚು ಹಾಕಿ ಕೊಡಿ. ಹತ್ತು ಅಂಕವಿರಲಿ. ಇಂಗ್ಲಿಷಿನಲ್ಲಿ ತಡವರಿಸಿದರೂ ಪರವಾಗಿಲ್ಲ, ಅನ್ನಿಸಿದ್ದನ್ನು ಬರೆಯಿರಿ ಎಂದು ಪ್ರಶ್ನೆಯಲ್ಲೇ ಹೇಳಿ. ಆ ಹತ್ತು ಅಂಕಕ್ಕೆ ಪಾಯಿಂಟುಗಳ ಪಟ್ಟಿ ಕಳುಹಿಸಬೇಡಿ. ಓದಿ ಅಂಕ ಹಾಕುವ ಕೆಲಸವನ್ನು ನಮಗೆ ಬಿಡಿ. ಮುಂದಿನ ಸಭೆ ಯಾವಾಗ ಎಂದು ತಿಳಿಸಿದರೆ ಬರವಣಿಗೆಯಲ್ಲಿ ಕೊಡಲು ನಾನು ಸಿದ್ಧ.