ಎ ಖಾತೆಯೋ ಬಿ ಖಾತೆಯೋ

ಮೂವತ್ತೆರಡು ವರ್ಷ ಬ್ಯಾಂಕ್ ಕೌಂಟರಿನ ಒಳಗಡೆ ಕೂತವಳು ನಾನು. "ನಿಮ್ಮ ಖಾತೆ ನಿಷ್ಕ್ರಿಯ ಆಗಿದೆ, ಆಧಾರ್ ಜೆರಾಕ್ಸ್ ತನ್ನಿ, ಎರಡು ಫೋಟೊ ತನ್ನಿ, ಮ್ಯಾನೇಜರ್ ಇವತ್ತು ರಜ, ನಾಳೆ ಬನ್ನಿ" ಅಂತ ಎಷ್ಟು ಸಾವಿರ ಜನಕ್ಕೆ ಹೇಳಿದ್ದೇನೋ ಗೊತ್ತಿಲ್ಲ. ಲೆಕ್ಕ ಇಡುವುದೇ ಹೊಟ್ಟೆಪಾಡಾಗಿದ್ದರೂ ಅದೊಂದರ ಲೆಕ್ಕ ಇಟ್ಟಿಲ್ಲ. ಅವರೆಲ್ಲರ ಶಾಪವೂ ಒಟ್ಟಿಗೆ ತಟ್ಟಿದ್ದು ಒಂದು ಭಾನುವಾರ ಬೆಳಗ್ಗೆ, ಇಡ್ಲಿ ಬೇಯುತ್ತಿದ್ದಾಗ.

ಫೋನ್ ಟಿಣ್ ಅಂತು. ನಾನು ಆಗಾಗ ಫೋಟೊ ಹಾಕುವ ಒಂದು ಆ್ಯಪ್‌ನಿಂದ ಬಂದ ಸೂಚನೆ. ಯಾವ ಆ್ಯಪ್ ಅಂತ ಹೇಳುವುದಿಲ್ಲ. ಮೊದಲೇ ಖಾತೆಗೆ ಕುತ್ತು ಬಂದಿತ್ತು, ಇನ್ನೊಂದು ಯಾಕೆ ಮೈಮೇಲೆ ಎಳೆದುಕೊಳ್ಳಲಿ. ನನ್ನ ಪೋಸ್ಟ್ ಒಂದನ್ನು ತೆಗೆದುಹಾಕಿದ್ದಾರಂತೆ. ಕಾರಣ: ನಗ್ನತೆ.

"ಏನೇ ಅದು?" ಅಂದರು ನಮ್ಮನೆಯವರು, ಪೇಪರ್ ಹಿಂದಿನಿಂದ.

"ಏನಿಲ್ಲ ರೀ," ಅಂದೆ. ಅರವತ್ತೊಂದು ವಯಸ್ಸಿನಲ್ಲಿ ನಗ್ನತೆಯ ಕೇಸು ಬಿದ್ದಿದೆ ಅಂತ ಗಂಡನಿಗೆ ಹೇಳುವುದು ಹೇಗೆ?

ಅಡುಗೆಮನೆಯಲ್ಲಿ ಗೋಡೆಗೆ ತಿರುಗಿ ನಿಂತು ನೋಡಿದೆ. ತೆಗೆದುಹಾಕಿದ್ದು ವೇಣೂರಿನ ಗೊಮ್ಮಟನ ಫೋಟೊ. ಧರ್ಮಸ್ಥಳಕ್ಕೆ ಹೋದವರು ಹಾಗೇ ವೇಣೂರಿಗೂ ಹೋಗಿದ್ದೆವು. ಫಲ್ಗುಣಿ ನದಿಯ ದಂಡೆ, 1604ರಲ್ಲಿ ನಿಲ್ಲಿಸಿದ ಮೂರ್ತಿ, 35 ಅಡಿ ಎತ್ತರ. ಕೈಕಾಲಿಗೆ ಬಳ್ಳಿ ಸುತ್ತಿಕೊಂಡಿದೆ, ಮುಖದಲ್ಲಿ ಇದ್ದೂ ಇಲ್ಲದ ಒಂದು ನಗು. ಬೆಳಕು ಚೆನ್ನಾಗಿತ್ತು, ತೆಗೆದೆ, ಹಾಕಿದೆ, ಕೆಳಗೆ "ಶಾಂತಿ" ಅಂತ ಬರೆದು ಕೈಮುಗಿಯುವ ಚಿತ್ರವನ್ನೂ ಹಾಕಿದ್ದೆ. ಅಣ್ಣನ ಜತೆ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಎಲ್ಲ ಗೆದ್ದು, ಗೆದ್ದ ರಾಜ್ಯವನ್ನು ಅಲ್ಲೇ ಬಿಟ್ಟು ನಿಂತವನು. ನಾನೂರು ವರ್ಷ ಮಳೆ ಬಿಸಿಲಿಗೆ ನಿಂತರೂ ಅವನ ಮೇಲೆ ಯಾರೂ ದೂರು ಕೊಟ್ಟಿರಲಿಲ್ಲ. ನನ್ನ ಫೋನಿಗೆ ಬಂದು ನಾಲ್ಕೇ ದಿನಕ್ಕೆ ಅಶ್ಲೀಲನಾದ.

ಆ ಹೊತ್ತಿಗೆ ಸರಿಯಾಗಿ ತಂಗಿಯ ಮಗ ಸುಹಾಸ ಬಂದ. ಇಡ್ಲಿಗೆ ಬಂದದ್ದು, ನೆಪ ಮಾತ್ರ ನಮ್ಮ ಯೋಗಕ್ಷೇಮ. ಅವನಿಗೆ ತೋರಿಸಿದೆ. ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಡಾಕ್ಟರ ಥರ ಮುಖ ಮಾಡಿಕೊಂಡು, "ದೊಡ್ಡಮ್ಮ, ಅಕೌಂಟ್ ಸ್ಟೇಟಸ್ ಚೆಕ್ ಮಾಡಿದ್ರಾ?" ಅಂದ.

ಹಾಗೊಂದು ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ನೀವು ಹಾಕಿದ್ದರಲ್ಲಿ ಏನೇನು ತೆಗೆದಿದ್ದೇವೆ, ನಿಮ್ಮ ಖಾತೆ ಸರಿ ಇದೆಯೋ ಇಲ್ಲವೋ, ಎಲ್ಲವನ್ನೂ ಒಂದು ಪುಟದಲ್ಲಿ ಇಟ್ಟಿರುತ್ತಾರೆ. ಇನ್‌ಸ್ಟಾಗ್ರಾಂನಲ್ಲಿ ಇಂಥದ್ದು 2021ರಿಂದ ಇದೆ. ಸೆಟ್ಟಿಂಗ್ಸ್ ಒಳಗೆ ಹೋಗಿ ಹುಡುಕಬೇಕು. ಎಲ್ಲ ಸರಿ ಇದ್ದರೆ ಹಸಿರು ಗುರುತು. ಯೂಟ್ಯೂಬ್‌ನಲ್ಲಿ ಚಾನೆಲ್ ಇಟ್ಟವರಿಗೂ ಯೂಟ್ಯೂಬ್ ಸ್ಟುಡಿಯೊ ಅನ್ನುವ ಪುಟದಲ್ಲಿ ಕಾಣುತ್ತದೆ. ಒಟ್ಟಿನಲ್ಲಿ ನಡತೆ ಪ್ರಮಾಣಪತ್ರ. ನಮ್ಮ ಕಾಲದಲ್ಲಿ ಟಿಸಿ ಮೇಲೆ ಹೆಡ್‌ಮಾಸ್ಟರು "ನಡತೆ: ತೃಪ್ತಿಕರ" ಅಂತ ಬರೆಯುತ್ತಿದ್ದರಲ್ಲ, ಅದೇ. ವ್ಯತ್ಯಾಸ ಏನಪ್ಪ ಅಂದರೆ ಹೆಡ್‌ಮಾಸ್ಟರು ನಮ್ಮನ್ನು ಒಂದೆರಡು ಸಲವಾದರೂ ನೋಡಿರುತ್ತಿದ್ದರು.

ನನ್ನ ಪುಟ ತೆರೆದೆವು. ಹಳದಿ.

"ಕೆಂಪು ಅಲ್ಲ ಬಿಡಿ ದೊಡ್ಡಮ್ಮ," ಅಂದ ಸುಹಾಸ. "ಆದರೆ ನಿಮ್ಮ ಪೋಸ್ಟು ಇನ್ಮೇಲೆ ಜಾಸ್ತಿ ಜನಕ್ಕೆ ತೋರಿಸಲ್ಲ. ಫಾಲೋ ಮಾಡೋರಿಗಷ್ಟೇ."

"ಅಂದರೆ?"

"ಅಂದರೆ ಬಿ ಖಾತೆ."

ಬೆಂಗಳೂರಿನವರಿಗೆ ಇದಕ್ಕಿಂತ ಚೆನ್ನಾಗಿ ಯಾರೂ ಹೇಳಲಾರರು. ಕಾರ್ಪೊರೇಷನ್ ಲೆಕ್ಕದಲ್ಲಿ ಎಲ್ಲ ಸಕ್ರಮ ಇದ್ದ ಮನೆಗೆ ಎ ಖಾತೆ, ಏನಾದರೂ ಕೊರತೆ ಇದ್ದದ್ದಕ್ಕೆ ಬಿ ಖಾತೆ. ಬಿ ಖಾತೆಯ ಮನೆಯಲ್ಲಿ ವಾಸ ಮಾಡಬಹುದು, ತೆರಿಗೆ ಕಟ್ಟಬಹುದು, ಬಾಗಿಲಿಗೆ ತೋರಣ ಕಟ್ಟಿ ಗೃಹಪ್ರವೇಶವನ್ನೂ ಮಾಡಬಹುದು. ಆದರೆ ಸಾಲ ಕೇಳಿದರೆ ಬ್ಯಾಂಕಿನವರು ಮೂಗು ಮುರಿಯುತ್ತಾರೆ. ನಾನೇ ಮುರಿದಿದ್ದೇನೆ. ಇದೂ ಹಾಗೇ. ಫೋಟೊ ಹಾಕು, ಬೇಡ ಅನ್ನಲ್ಲ. ಕಾಣಿಸುತ್ತದೆ ಅಂತ ಮಾತ್ರ ಅಂದುಕೊಳ್ಳಬೇಡ.

ನಮ್ಮ ಕನ್ನಡದಲ್ಲಿ ಈ ಖಾತೆ ಅನ್ನುವ ಪದವೇ ಒಂದು ಮಹಾಮಾಯೆ. ಬ್ಯಾಂಕಿನಲ್ಲಿದ್ದರೆ ದುಡ್ಡು, ಕಾರ್ಪೊರೇಷನ್‌ನಲ್ಲಿದ್ದರೆ ಮನೆ, ಮಂತ್ರಿಗಿದ್ದರೆ ಅಧಿಕಾರ, ಶೆಟ್ಟರ ಅಂಗಡಿಯಲ್ಲಿದ್ದರೆ ಸಾಲ. ಅಷ್ಟರಲ್ಲೂ ಖಾತೆ ಸರಿಯಾಗಿದೆಯೋ ಇಲ್ಲವೋ ಅನ್ನುವ ದಿಗಿಲು ಒಂದೇ. ಈಗ ಅದರ ಜತೆಗೆ ಇದೊಂದು ಸೇರಿಕೊಂಡಿತು, ದುಡ್ಡೂ ಇಲ್ಲದ, ಗೋಡೆಯೂ ಇಲ್ಲದ ಖಾತೆ.

ಇಲ್ಲಿ ಒಬ್ಬರನ್ನು ನೆನೆಯಬೇಕು. ಹಾಸನದ ಕಡೆ ಒಂದು ಹಳ್ಳಿ ಬ್ರಾಂಚಿನಲ್ಲಿದ್ದಾಗ ಒಬ್ಬ ಅಜ್ಜ ಬರುತ್ತಿದ್ದರು. ಸಂತೆಯ ದಿನ, ಹನ್ನೊಂದು ಗಂಟೆಗೆ. ಪಾಸ್‌ಬುಕ್ಕನ್ನು ಎರಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಅದರ ಮೇಲೆ ರಬ್ಬರ್ ಬ್ಯಾಂಡ್ ಹಾಕಿ, ಒಳಜೇಬಿನಲ್ಲಿ ಇಟ್ಟುಕೊಂಡಿರುತ್ತಿದ್ದರು. ನಿಧಾನವಾಗಿ ಬಿಚ್ಚಿ ಕೌಂಟರಿನ ಸಂದಿಯಿಂದ ಒಳಗೆ ತಳ್ಳಿ, "ಅವ್ವಾ, ನನ್ ಖಾತೆ ಸರ್ಯಾಗೈತಾ ನೋಡವ್ವ" ಅನ್ನುತ್ತಿದ್ದರು. ಹಾಕುವುದಿಲ್ಲ, ತೆಗೆಯುವುದಿಲ್ಲ. ವಾರದ ಹಿಂದೆ ನೋಡಿದಾಗ ಎಷ್ಟಿತ್ತೋ ಅಷ್ಟೇ ಇರುತ್ತಿತ್ತು. ನನಗೆ ಆಗ ರೇಗುತ್ತಿತ್ತು. ಹಿಂದೆ ಸಾಲು ನಿಂತಿರುತ್ತಿತ್ತಲ್ಲ. ಸುಮ್ನೆ ಪುಟ ತಿರುಗಿಸಿದ ಹಾಗೆ ಮಾಡಿ "ಸರಿಯಾಗಿದೆ ಅಜ್ಜ" ಅಂದು ವಾಪಸ್ ತಳ್ಳುತ್ತಿದ್ದೆ. ಅಷ್ಟಕ್ಕೇ ಅವರ ಮುಖ ಅರಳುತ್ತಿತ್ತು. ಮತ್ತೆ ಎರಡು ಕವರು, ರಬ್ಬರ್ ಬ್ಯಾಂಡು.

ಆ ಭಾನುವಾರದಿಂದ ನಾನು ದಿನಕ್ಕೆ ಐದು ಸಲ ಆ ಪುಟ ತೆರೆದು ನೋಡಿದ್ದೇನೆ. ಹಾಲು ಕಾಯಿಸುವಾಗ ಒಂದು ಸಲ, ಧಾರಾವಾಹಿಯ ಜಾಹೀರಾತು ಬಂದಾಗ ಒಂದು ಸಲ. ಹಳದಿ, ಹಳದಿ, ಹಳದಿ. ಆದರೆ "ಸರಿಯಾಗಿದೆ ಅಜ್ಜಿ" ಅನ್ನುವುದಕ್ಕೆ ಆ ಕಡೆ ಯಾರೂ ಕೂತಿರಲಿಲ್ಲ.

ಸುಹಾಸನಿಗೆ ಇದೆಲ್ಲ ಹೊಸತಲ್ಲ. ಅವನದೊಂದು ಯೂಟ್ಯೂಬ್ ಚಾನೆಲ್ ಇದೆ, ಹಳೆ ಬೈಕ್ ರಿಪೇರಿಯದ್ದು. ಅಲ್ಲಿಯ ಶಾಸನ ಅವನಿಗೆ ಬಾಯಿಪಾಠ. ಮೊದಲ ತಪ್ಪಿಗೆ ಸಾಮಾನ್ಯವಾಗಿ ಎಚ್ಚರಿಕೆ. ಆಮೇಲೆ ಒಂದು ಸ್ಟ್ರೈಕ್ ಬಿದ್ದರೆ ಒಂದು ವಾರ ವಿಡಿಯೊ ಹಾಕುವಂತಿಲ್ಲ. ಎರಡನೆಯದಕ್ಕೆ ಎರಡು ವಾರ. 90 ದಿನದೊಳಗೆ ಮೂರು ಬಿದ್ದರೆ ಚಾನೆಲ್ಲೇ ಹೋಯಿತು. ಬೀಳದಿದ್ದರೆ 90 ದಿನಕ್ಕೆ ಹಳೆ ಸ್ಟ್ರೈಕ್ ತಾನಾಗಿ ಕಳೆಯುತ್ತದೆ. ಮೂರು ಸ್ಟ್ರೈಕ್ ಅನ್ನುವುದು ಬೇಸ್‌ಬಾಲಿನ ಲೆಕ್ಕ. ನಮ್ಮ ಕ್ರಿಕೆಟ್ಟಿನ ಪ್ರಕಾರ ಮಾಡಿದ್ದರೆ ಒಂದೇ ಬಾಲಿಗೆ ಪೆವಿಲಿಯನ್. ಆ ಮಟ್ಟಿಗೆ ಅಮೆರಿಕದವರು ಧಾರಾಳಿಗಳು.

90 ದಿನ ಅಂದರೆ ಹೆಚ್ಚುಕಡಿಮೆ ಎರಡು ಮಂಡಲ. ಅಯ್ಯಪ್ಪನ ಮಾಲೆಗಿಂತ ಎರಡು ಪಟ್ಟು ವ್ರತ.

ನಮ್ಮ ಬ್ಯಾಂಕಿನ ಪ್ರಪಂಚಕ್ಕೂ ಇದಕ್ಕೂ ಎಷ್ಟು ಹೋಲಿಕೆ ಅಂತ ಯೋಚಿಸಿದಷ್ಟೂ ಆಶ್ಚರ್ಯ. ಉಳಿತಾಯ ಖಾತೆಯಲ್ಲಿ ಎರಡು ವರ್ಷ ವ್ಯವಹಾರ ಮಾಡದಿದ್ದರೆ ನಿಷ್ಕ್ರಿಯ ಅನ್ನುತ್ತೇವೆ. ಗೂಗಲ್‌ನವರೂ ಎರಡು ವರ್ಷ ಮುಟ್ಟದ ಖಾತೆಗಳನ್ನು ಅಳಿಸುತ್ತೇವೆ ಅಂತ ಹೇಳಿ 2023ರ ಡಿಸೆಂಬರಿನಿಂದ ಶುರುಮಾಡಿದರು. ಆದರೆ ಬ್ಯಾಂಕಿನಲ್ಲಿ ಹತ್ತು ವರ್ಷ ಯಾರೂ ಕೇಳದ ದುಡ್ಡು ರಿಸರ್ವ್ ಬ್ಯಾಂಕಿನ ನಿಧಿಗೆ ಹೋದರೂ, ವಾರಸುದಾರರು ಬಂದು ಕೇಳಿದರೆ ವಾಪಸ್ ಸಿಗುತ್ತದೆ. ಅಳಿಸಿದ ಫೋಟೊ ಯಾವ ನಿಧಿಗೂ ಹೋಗುವುದಿಲ್ಲ. ಫೇಸ್‌ಬುಕ್ ಥರದ್ದೇ ಆರ್ಕುಟ್ ಅಂತ ಒಂದಿತ್ತು, ನೆನಪಿದೆಯಾ? 2014ರ ಸೆಪ್ಟೆಂಬರ್ 30ಕ್ಕೆ ಬಾಗಿಲು ಹಾಕಿತು. ಅಲ್ಲಿ ನನ್ನ ಖಾತೆ ಕೊನೆಯ ದಿನದವರೆಗೂ ಚೊಕ್ಕಟವಾಗಿತ್ತು, ಒಂದು ಕಪ್ಪು ಚುಕ್ಕೆ ಇಲ್ಲ. ಏನು ಬಂತು?

ಇರಲಿ. ಗೊಮ್ಮಟನ ವಿಷಯಕ್ಕೆ ಬರೋಣ.

ಇಂಥ ಆ್ಯಪ್‌ಗಳ ನಿಯಮ ಓದಿದರೆ ಸಾಮಾನ್ಯವಾಗಿ ಶಿಲ್ಪಕ್ಕೆ, ಚಿತ್ರಕಲೆಗೆ ವಿನಾಯಿತಿ ಇರುತ್ತದೆ. ನಾನು ಓದಿದೆ, ಕೂತು ಪೂರ್ತಿ ಓದಿದೆ, ಬ್ಯಾಂಕಿನ ಸರ್ಕ್ಯುಲರ್ ಓದಿದ ಅಭ್ಯಾಸ. ಅಲ್ಲೂ ಇತ್ತು. ಹಾಗಾದರೆ ತೆಗೆದದ್ದು ಯಾಕೆ? ನೋಡಿದ್ದು ಮನುಷ್ಯ ಅಲ್ಲ, ಮಷಿನ್ನು. ಅದಕ್ಕೆ ಬಟ್ಟೆ ಇಲ್ಲ ಅನ್ನುವುದಷ್ಟೇ ಕಂಡಿದೆ, ಕಲ್ಲು ಅನ್ನುವುದು ಕಂಡಿಲ್ಲ. ಕಣ್ಣಿನ ಕಥೆ ಹೀಗಾದರೆ ಕಿವಿಯದು ಇನ್ನೂ ಚೆಂದ. 2025ರ ಜುಲೈನಲ್ಲಿ ನಟಿ ಬಿ. ಸರೋಜಾದೇವಿ ತೀರಿಕೊಂಡಾಗ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅಂತಿಮ ದರ್ಶನ ಪಡೆದರು ಅಂತ ಕನ್ನಡದಲ್ಲಿ ಹಾಕಿದ ಪೋಸ್ಟನ್ನು, ಫೇಸ್‌ಬುಕ್, ಇನ್‌ಸ್ಟಾಗ್ರಾಂ ನಡೆಸುವ ಮೆಟಾ ಕಂಪನಿಯ, ತಾನೇ ಅನುವಾದ ಮಾಡುವ ಯಂತ್ರ ಇಂಗ್ಲಿಷಿಗೆ ತಿರುಗಿಸಿ ಮುಖ್ಯಮಂತ್ರಿಗಳೇ ತೀರಿಹೋದ ಹಾಗೆ ಮಾಡಿತ್ತು. ಅವರು ದೂರು ಕೊಟ್ಟರು, ಕಂಪನಿ ಕ್ಷಮೆ ಕೇಳಿ ಸರಿಮಾಡಿತು. ರಾಜ್ಯದ ಮುಖ್ಯಮಂತ್ರಿಯನ್ನೇ ಬಿಡದ ಯಂತ್ರಗಳ ಕಾಲದಲ್ಲಿ ನನ್ನಂಥವಳ ಕನ್ನಡ ಯಾವ ಗತಿ? "ನನ್ ಮಗಂದು, ಈ ಸಲ ಊರಿಗೆ ಬರದಿದ್ರೆ ಕೊಂದೇ ಹಾಕ್ತೀನಿ" ಅಂತ ತಂಗಿಗೆ ಬರೆಯುವ ಪ್ರೀತಿಯನ್ನು ಯಾವ ಮಷಿನ್ನು ಪ್ರೀತಿ ಅಂತ ಓದೀತು? ಅಂದಿನಿಂದ ಹುಳಿ ಮಾಡುವ ವಿಧಾನ ಬರೆಯುವಾಗಲೂ ಈರುಳ್ಳಿಯನ್ನು ಕೊಚ್ಚುವ ಬದಲು ಹೆಚ್ಚುತ್ತಿದ್ದೇನೆ.

ಮೇಲ್ಮನವಿ ಸಲ್ಲಿಸಲು ಒಂದು ಬಟನ್ ಇತ್ತು. ಒತ್ತಿದೆ. ಕಾರಣ ಆರಿಸಿ ಅಂತು, ನಾಲ್ಕು ಆಯ್ಕೆ ಕೊಟ್ಟಿತು. "ಇದು ದೇವರು" ಅನ್ನುವ ಆಯ್ಕೆ ಇರಲಿಲ್ಲ. ಇದ್ದುದರಲ್ಲಿ ಹತ್ತಿರದ್ದನ್ನು ಒತ್ತಿ ಕಾದೆ.

ಕಾಯುವ ದಿನಗಳಲ್ಲೇ ನಡೆದದ್ದು ಇನ್ನೊಂದು, ಹೇಳಲು ನಾಚಿಕೆಯಾಗುತ್ತದೆ. ಒಂದು ಇ-ಮೇಲ್ ಬಂತು. ಅದೇ ಆ್ಯಪ್‌ನ ಗುರುತು, ಅದೇ ಬಣ್ಣ. ನಿಮ್ಮ ಖಾತೆಯನ್ನು 24 ಗಂಟೆಯಲ್ಲಿ ಶಾಶ್ವತವಾಗಿ ಮುಚ್ಚುತ್ತೇವೆ, ಬೇಡ ಅಂದರೆ ಈ ಲಿಂಕ್ ಒತ್ತಿ ಪಾಸ್‌ವರ್ಡ್ ಕೊಟ್ಟು ದೃಢಪಡಿಸಿ. ಕೌಂಟರಿನಲ್ಲಿ ಕೂತು "ಓಟಿಪಿ ಯಾರಿಗೂ ಹೇಳಬೇಡಿ, ಬ್ಯಾಂಕು ಹಾಗೆಲ್ಲ ಕೇಳುವುದಿಲ್ಲ" ಅಂತ ಗಂಟಲು ಹರಿದುಕೊಂಡವಳು ನಾನು. ಗೋಡೆಗೆ ಪೋಸ್ಟರ್ ಅಂಟಿಸಿದವಳೂ ನಾನೇ. ಆದರೂ ಬೆರಳು ಆ ಲಿಂಕ್ ಮೇಲೆ ಹೋಗಿ ನಿಂತಿತ್ತು. ಅರ್ಧ ಪಾಸ್‌ವರ್ಡ್ ಕೂಡ ಹೊಡೆದಿದ್ದೆ. ಆಗ ಕುಕ್ಕರ್ ಕೂಗಿತು. ಎದ್ದು ಹೋಗಿ ಬರುವಷ್ಟರಲ್ಲಿ ಬುದ್ಧಿ ನೆಟ್ಟಗಾಗಿತ್ತು. ಕಳಿಸಿದವರ ವಿಳಾಸ ನೋಡಿದರೆ ಕೋಳಿ ಕೆದಕಿದ ಹಾಗೆ ಅಕ್ಷರಗಳು. ಇನ್‌ಸ್ಟಾಗ್ರಾಂನಂಥ ಕಡೆ ತಾವು ನಿಜವಾಗಿ ಕಳಿಸಿದ ಮೇಲ್‌ಗಳ ಪಟ್ಟಿಯನ್ನು ಆ್ಯಪ್ ಒಳಗೇ ತೋರಿಸುತ್ತಾರೆ, ಅನುಮಾನ ಬಂದರೆ ಅಲ್ಲಿ ನೋಡಬಹುದು ಅಂತ ಸುಹಾಸ ಆಮೇಲೆ ಹೇಳಿಕೊಟ್ಟ. ದುಡ್ಡು ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು ಅನ್ನುವುದು ನನಗೇ ಗೊತ್ತಿತ್ತು. ಮಾನ ಹೋದರೆ ಯಾವ ನಂಬರ್ ಅಂತ ಅವನನ್ನು ಕೇಳಿದೆ. ಅವನು ಇನ್ನೊಂದು ಇಡ್ಲಿ ಹಾಕಿಸಿಕೊಂಡ.

ಹಳದಿ ಪುಟ ನೋಡಿ ಹೆದರಿದವರನ್ನೇ ಕಳ್ಳರು ಕಾಯುತ್ತಿರುತ್ತಾರೆ. ಬ್ಯಾಂಕಿನ ಹೊರಗೆ ಫಾರಂ ತುಂಬಿಕೊಡುವ ನೆಪದಲ್ಲಿ ನಿಲ್ಲುತ್ತಿದ್ದವರ ಹಾಗೆ.

ಅದೇ ವಾರ ಕಾನೂನನ್ನೂ ತಿರುವಿಹಾಕಿದೆ. ಕೇಂದ್ರ ಸರ್ಕಾರದ 2021ರ ಐಟಿ ನಿಯಮಗಳ ಪ್ರಕಾರ ಇಂಥ ಕಂಪನಿಗಳು ಒಬ್ಬ ಕುಂದುಕೊರತೆ ಅಧಿಕಾರಿಯನ್ನು ಇಡಲೇಬೇಕು. ಅವರ ತೀರ್ಮಾನ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಸರ್ಕಾರದ ಮೇಲ್ಮನವಿ ಸಮಿತಿಗೆ ಆನ್‌ಲೈನಿನಲ್ಲೇ ಹೋಗಬಹುದು. ಓದಿ ನನಗೆ ಹುರುಪು ಬಂತು. ಅಷ್ಟು ವರ್ಷ ಜನ ನಮ್ಮನ್ನು "ಓಂಬುಡ್ಸ್‌ಮನ್‌ಗೆ ಬರೀತೀನಿ" ಅಂತ ಹೆದರಿಸಿದ್ದರು, ಈಗ ನಾನೂ ಯಾರನ್ನಾದರೂ ಹೆದರಿಸಬಹುದಲ್ಲ. ಬಿಳಿ ಹಾಳೆಯಲ್ಲಿ ಕರಡು ಬರೆದೆ. "ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ಮೂರ್ತಿಯು ಕ್ರಿ.ಶ. 1604ರದ್ದಾಗಿದ್ದು..." ಎರಡು ಪುಟ ಆಯಿತು. ನಮ್ಮನೆಯವರು ಓದಿ, "ಸದರಿ ಮೂರ್ತಿಯವರು ವೈರಾಗ್ಯದ ಕಾರಣ ಬಟ್ಟೆ ತ್ಯಜಿಸಿರುತ್ತಾರೆ ಅಂತಾನೂ ಸೇರಿಸು" ಅಂದರು. ಅಷ್ಟು ಹೊತ್ತಿಗೆ ಅವರಿಗೂ ನನ್ನ ನಗ್ನತೆಯ ಕೇಸು ಗೊತ್ತಾಗಿತ್ತು. ಸುಹಾಸನ ಬಾಯಿ ನಿಲ್ಲುತ್ತದಾ?

ಆ ಪತ್ರ ಕಳಿಸುವ ಪ್ರಸಂಗ ಬರಲಿಲ್ಲ. ಒಂಬತ್ತನೇ ದಿನ ಸೂಚನೆ ಬಂತು. ಮತ್ತೆ ಪರಿಶೀಲಿಸಿದ್ದೇವೆ, ನಿಮ್ಮ ಪೋಸ್ಟ್ ನಿಯಮಕ್ಕೆ ವಿರುದ್ಧವಾಗಿಲ್ಲ, ವಾಪಸ್ ಹಾಕಿದ್ದೇವೆ. ಪುಟ ತೆರೆದೆ. ಹಸಿರು. ನಿಜ ಹೇಳಬೇಕೆಂದರೆ, ಪ್ರೊಬೇಷನ್ ಮುಗಿದು ಕೆಲಸ ಕಾಯಂ ಆದ ದಿನವೂ ಅಷ್ಟು ಹಗುರ ಅನ್ನಿಸಿರಲಿಲ್ಲ. ಗೊಮ್ಮಟ ತನ್ನ ಜಾಗಕ್ಕೆ ಬಂದು ಅದೇ ನಗು ನಗುತ್ತಾ ನಿಂತಿದ್ದ. ಕೆಳಗೆ ಹನ್ನೊಂದು ಲೈಕು. ಅವನನ್ನು ತೆಗೆದುಹಾಕುವ ಮೊದಲೂ ಹನ್ನೊಂದೇ ಇತ್ತು.

ಮೊನ್ನೆ ಕಾರ್ಕಳಕ್ಕೆ ಹೋಗಿದ್ದೆವು. ಅಲ್ಲಿಯವನು ಇನ್ನೂ ಹಳಬ, ಇನ್ನೂ ಎತ್ತರ. 1432ರವನು, 42 ಅಡಿ. ಬಂಡೆ ಹತ್ತಿ ಹೋದರೆ ಗಾಳಿ ಬೀಸುತ್ತಿತ್ತು, ಮೋಡ ಅವನ ಹೆಗಲಿಗೆ ತಾಗಿದ ಹಾಗಿತ್ತು. ಫೋನ್ ಎತ್ತಿದೆ. ಪೂರ್ತಿ ಮೂರ್ತಿ ಪರದೆಯಲ್ಲಿ ಎಷ್ಟು ಚೆನ್ನಾಗಿ ಕೂತಿತ್ತು ಅಂದರೆ! ಒಂದು ನಿಮಿಷ ಹಾಗೇ ನಿಂತೆ. ಆಮೇಲೆ ಹತ್ತಿರ ಹೋಗಿ, ಬಗ್ಗಿ, ಎರಡು ಪಾದಗಳ ಫೋಟೊ ಮಾತ್ರ ತೆಗೆದು ಹಾಕಿದೆ.

ಪಕ್ಕದ ಬೀದಿಯ ಪದ್ಮಕ್ಕ ಕೆಳಗೆ ಬರೆದಿದ್ದಾರೆ: "ಎಂಥ ಭಕ್ತಿ ನಿಮ್ಮದು!"